ಔಷಧ ಮಾರಿ ಆಸ್ಪತ್ರೆ ನಡೆಸಿದ ಗುರು: ಫಾದರ್ ಆಗಸ್ಟಸ್ ಮುಲ್ಲರ್

ನವೆಂಬರ್ 1 ಸಕಲ ಸಂತರ ಹಬ್ಬ. ಮಂಗಳೂರಿನ ಕಥೋಲಿಕರಾದ ನಮಗೆ ಆ ದಿನ ಇನ್ನೊಂದು ನೆನಪನ್ನೂ ತರಬೇಕು. 1910ರಲ್ಲಿ ಇದೇ ಹಬ್ಬದ ದಿನ ಯೇಸುಸಭೆಯ ಗುರು ವಂದನೀಯ ಆಗಸ್ಟಸ್ ಮುಲ್ಲರ್ ದೈವಾಧೀನರಾದರು. ಅವರ ಹೆಸರು ಬಸ್ಸಿನ ಕಂಡಕ್ಟರನಿಗೂ ರಿಕ್ಷಾದವರಿಗೂ ಗೊತ್ತು. ಕಾಸರಗೋಡಿನಿಂದ ಬಂದ ರೋಗಿಗೂ ಚಿಕ್ಕಮಗಳೂರಿನಿಂದ ಬಂದ ರೋಗಿಗೂ ಗೊತ್ತು. ಆದರೆ ಆ ಹೆಸರು ಒಂದು ಕಟ್ಟಡದ ಹೆಸರಾಗಿ ಉಳಿದಿದೆಯೇ ಹೊರತು ಒಬ್ಬ ಮನುಷ್ಯನ ಹೆಸರಾಗಿ ನಮ್ಮ ಮನಸ್ಸಿನಲ್ಲಿ ಉಳಿದಿರುವುದು ಕಡಿಮೆ. ಅವರು ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು ಎಂದು ಧರ್ಮೋಪದೇಶದ ತರಗತಿಯ ಮಕ್ಕಳು ಹೇಳಬಲ್ಲರು. ಆ ಆಶ್ರಯಕ್ಕೆ ಹಣ ಎಲ್ಲಿಂದ ಬಂತು ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಈ ಬರಹದಲ್ಲಿ ನಾವು ಆ ಎರಡನೆಯ ಪ್ರಶ್ನೆಯ ದಾರಿಯಲ್ಲಿಯೇ ಅವರ ಜೀವನವನ್ನು ನೋಡಲು ಬಯಸುತ್ತೇವೆ.

ಇದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಧರ್ಮಕೇಂದ್ರಗಳ ಆರ್ಥಿಕ ಸಮಿತಿಗಳಲ್ಲಿ, ಸೇವಾ ಸಂಸ್ಥೆಗಳ ಸಭೆಗಳಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಹಣದ್ದೇ. ವಿದೇಶದ ದಾನಿಗಳು ಕಡಿಮೆಯಾಗಿದ್ದಾರೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿಯಾದ ನಂತರ ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವುದಕ್ಕೂ ಅವಕಾಶವಿಲ್ಲ. ಹೀಗಾಗಿ ವೃದ್ಧಾಶ್ರಮ ನಡೆಸುವ ಧರ್ಮಭಗಿನಿಯರಿಂದ ಹಿಡಿದು ವಿನ್ಸೆಂಟ್ ಡಿ ಪಾವ್ಲ್ ಸಭೆಯ ಸದಸ್ಯರವರೆಗೆ ಎಲ್ಲರೂ ಸ್ವಂತ ಆದಾಯದ ದಾರಿ ಹುಡುಕುತ್ತಿದ್ದಾರೆ. ಸಭಾಭವನವನ್ನು ಮದುವೆಗೆ ಬಾಡಿಗೆ ಕೊಡುವುದು, ರಸ್ತೆ ಬದಿಯಲ್ಲಿ ಅಂಗಡಿ ಕೋಣೆಗಳನ್ನು ಕಟ್ಟುವುದು ಎಲ್ಲರಿಗೂ ಹೊಳೆಯುವ ಉಪಾಯಗಳು. ಅದರ ಜೊತೆಗೆ ಒಂದು ಅಳುಕೂ ಇದೆ: ದೇವರ ಕೆಲಸದಲ್ಲಿ ವ್ಯಾಪಾರ ಸೇರಬಹುದೇ? ಫಾದರ್ ಮುಲ್ಲರ್ ಈ ಅಳುಕನ್ನು ನಮಗಿಂತ ಬಹಳ ಹಿಂದೆಯೇ ದಾಟಿದವರು.

ಆಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಹುಟ್ಟಿದರು. ಹೋಮಿಯೋಪಥಿಯ ಪಿತಾಮಹ ಹಾನಿಮನ್ ಕೂಡ ಜರ್ಮನಿಯವರೇ. ಅವರು 1843ರಲ್ಲಿ ತೀರಿಕೊಂಡಾಗ ಮುಲ್ಲರ್ ಎರಡು ವರ್ಷದ ಮಗು. ಯುರೋಪಿನಲ್ಲಿ ಅಂದು ಹೋಮಿಯೋಪಥಿ ಹೊಸ ವಿದ್ಯೆ. ದೇಹದಿಂದ ರಕ್ತ ಹರಿಸುವುದು, ಪಾದರಸದಂಥ ಉಗ್ರ ವಸ್ತುಗಳನ್ನು ಹೊಟ್ಟೆಗೆ ಕೊಡುವುದು ಮುಂತಾದ ಹಳೆಯ ವೈದ್ಯಕ್ಕೆ ಬೇಸತ್ತಿದ್ದ ಜನ ಈ ಸಿಹಿ ಗುಳಿಗೆಗಳತ್ತ ಒಲಿದಿದ್ದರು.

1878ರಲ್ಲಿ ಪೋಪ್ 13ನೇ ಲಿಯೋ ಮಂಗಳೂರು ಮಿಷನ್ನಿನ ಜವಾಬ್ದಾರಿಯನ್ನು ಯೇಸುಸಭೆಗೆ ಒಪ್ಪಿಸಿದರು. ತಮ್ಮ ಮಕ್ಕಳಿಗೆ ಉನ್ನತ ಶಿಕ್ಷಣ ಬೇಕೆಂದು ಮಂಗಳೂರಿನ ಕಥೋಲಿಕರು ರೋಮಿಗೆ ಮಾಡಿಕೊಂಡ ಮನವಿಯೂ ಇದಕ್ಕೆ ಕಾರಣವಾಗಿತ್ತು. ಅದೇ ವರ್ಷದ ಡಿಸೆಂಬರ್ 31ರಂದು ಯೇಸುಸಭೆಯ ಮೊದಲ ತಂಡ ಮಂಗಳೂರನ್ನು ತಲುಪಿತು. ಇಟಲಿಯವರೇ ಹೆಚ್ಚಾಗಿದ್ದ ಆ ತಂಡದಲ್ಲಿ ಮುಂದೆ ನಮ್ಮ ಧರ್ಮಾಧ್ಯಕ್ಷರಾದ ನಿಕೊಲಸ್ ಪಗಾನಿ ಇದ್ದರು, ಕೊಂಕಣಿ ವ್ಯಾಕರಣ ಬರೆದ ಆಂಜೆಲೊ ಮಫೆಯಿ ಇದ್ದರು. ಜರ್ಮನ್ನರಾದ ಮುಲ್ಲರ್ ಕೂಡ ಇದ್ದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಪ್ರಾರಂಭವಾದಾಗ ಮುಲ್ಲರರಿಗೆ ಅಲ್ಲಿ ಪಾಠ ಹೇಳುವ ಕೆಲಸ ದೊರೆಯಿತು. ಅವರು ಬಂದದ್ದು ಶಿಕ್ಷಕರಾಗಿ, ವೈದ್ಯರಾಗಿ ಅಲ್ಲ ಎಂಬುದನ್ನು ನಾವು ಮರೆಯಬಾರದು.

ಆದರೆ ಅವರ ಬಳಿ ಒಂದು ಔಷಧಿ ಪೆಟ್ಟಿಗೆ ಇತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಅದರಿಂದ ಗುಳಿಗೆ ಕೊಡತೊಡಗಿದರು. ಸುದ್ದಿ ವಿದ್ಯಾರ್ಥಿಗಳ ಮನೆಗಳಿಗೆ ಹೋಯಿತು, ಮನೆಗಳಿಂದ ಕೇರಿಗಳಿಗೆ ಹಬ್ಬಿತು. ತರಗತಿ ಮುಗಿಯುವ ಹೊತ್ತಿಗೆ ಅವರ ಕೋಣೆಯ ಕಿಟಕಿಯ ಬಳಿ ಜನ ಸೇರುತ್ತಿದ್ದರು. ಕಂಕನಾಡಿಯಲ್ಲಿ ಒಂದು ಆಲದ ಮರದ ಅಡಿಯಲ್ಲಿ ಅವರು ಬಡವರಿಗೆ ಔಷಧ ಹಂಚಲು ಆರಂಭಿಸಿದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಆ ಔಷಧಾಲಯಕ್ಕೆ ಅವರು ಇಟ್ಟ ಹೆಸರಿನಲ್ಲಿಯೇ ಬಡವರು ಇದ್ದರು. ಹೋಮಿಯೋಪಥಿಕ್ ಪೂರ್ ಡಿಸ್ಪೆನ್ಸರಿ, ಅಂದರೆ ಬಡವರ ಹೋಮಿಯೋಪಥಿ ಔಷಧಾಲಯ. 1880ನೇ ಇಸವಿಯನ್ನು ಇಂದಿನ ಸಂಸ್ಥೆಗಳ ಹುಟ್ಟಿನ ವರ್ಷವೆಂದು ಎಣಿಸುವುದು ಇದೇ ಕಾರಣಕ್ಕೆ.

ಉಚಿತವಾಗಿ ಹಂಚುವವನ ಪೆಟ್ಟಿಗೆ ಬೇಗ ಬರಿದಾಗುತ್ತದೆ. ಇದು ನಮಗೆಲ್ಲ ಗೊತ್ತಿರುವ ಕಷ್ಟ. ಆಗ ಹೆಚ್ಚಿನವರು ಒಂದೋ ದಾನಿಗಳಿಗೆ ಪತ್ರ ಬರೆಯುತ್ತಾರೆ, ಇಲ್ಲವೇ ಕೆಲಸವನ್ನು ಕಡಿಮೆ ಮಾಡುತ್ತಾರೆ. ಮುಲ್ಲರ್ ಮೂರನೆಯ ದಾರಿ ಹಿಡಿದರು. ಕೊಳ್ಳುವ ಶಕ್ತಿ ಇದ್ದವರಿಗೆ ಔಷಧ ಮಾರಿದರು. ಆ ಲಾಭದಿಂದ ಕೊಳ್ಳಲಾರದವರನ್ನು ನೋಡಿಕೊಂಡರು.

ಹೇಳಲು ಸುಲಭವಾದ ಈ ಮಾತು ನಡೆದದ್ದು ಹೇಗೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ. ಹೋಮಿಯೋಪಥಿ ಔಷಧದ ಸ್ವಭಾವವೇ ಇದಕ್ಕೆ ಅನುಕೂಲವಾಗಿತ್ತು. ಮೂಲ ಅರಿಷ್ಟದ ಒಂದು ಹನಿಯನ್ನು ತೊಂಬತ್ತೊಂಬತ್ತು ಹನಿ ಮದ್ಯಸಾರದಲ್ಲಿ ಬೆರೆಸಿ ಕುಲುಕುವುದು, ಅದರ ಒಂದು ಹನಿಯನ್ನು ಮತ್ತೆ ಬೆರೆಸುವುದು, ಹೀಗೆ ಮುಂದುವರಿದು ಕೊನೆಗೆ ಹಾಲಿನ ಸಕ್ಕರೆಯ ಗುಳಿಗೆಗಳಿಗೆ ಹನಿಸುವುದು ಅದರ ಕ್ರಮ. ಹೊರದೇಶದಿಂದ ತರಿಸಿದ ಒಂದು ಸಣ್ಣ ಸೀಸೆ ಸಾವಿರಾರು ಗುಳಿಗೆಗಳಾಗುತ್ತದೆ. ಗುಳಿಗೆ ಹಗುರ, ಬೇಗ ಕೆಡುವುದಿಲ್ಲ, ಬೆರಳುದ್ದದ ಸೀಸೆಯಲ್ಲಿ ಕೂರುತ್ತದೆ. ಅಂಚೆಯಲ್ಲಿ ಕಳುಹಿಸಲು ಇದಕ್ಕಿಂತ ಒಳ್ಳೆಯ ಸರಕು ಇನ್ನೊಂದಿಲ್ಲ.

ಅಂಚೆಯೂ ಸರಿಯಾದ ಸಮಯಕ್ಕೆ ಸಿದ್ಧವಾಗಿತ್ತು. ಭಾರತದಲ್ಲಿ ವಿ.ಪಿ.ಪಿ. ಪದ್ಧತಿ ಆರಂಭವಾದದ್ದು 1877ರಲ್ಲಿ. ಅಂಚೆ ಕಚೇರಿಗಳು ಮನಿಯಾರ್ಡರ್ ಕೆಲಸವನ್ನು ವಹಿಸಿಕೊಂಡದ್ದು 1880ರಲ್ಲಿ, ಅಂದರೆ ಮುಲ್ಲರರ ಔಷಧಾಲಯ ಹುಟ್ಟಿದ ವರ್ಷವೇ. ದೂರದ ಊರಿನ ಅಪರಿಚಿತನಿಗೆ ಸರಕು ಕಳುಹಿಸಿ ಹಣ ಪಡೆಯುವುದು ಇವೆರಡರಿಂದ ಸಾಧ್ಯವಾಯಿತು. ಮಂಗಳೂರಿಗೆ ಆಗ ರೈಲು ಇರಲಿಲ್ಲ, ಅದು ಬಂದದ್ದು 1907ರಲ್ಲಿ. ಅದಕ್ಕೂ ಮೊದಲಿನ ಕಾಲು ಶತಮಾನ ನಮ್ಮ ಊರಿನ ಅಂಚೆ ಸಮುದ್ರದ ದಾರಿಯನ್ನೂ ಘಟ್ಟದ ದಾರಿಯನ್ನೂ ನಂಬಿಕೊಂಡೇ ಇತ್ತು. ಆದರೂ ಕಂಕನಾಡಿಯ ಗುಳಿಗೆಗಳು ದಕ್ಷಿಣ ಭಾರತದಾದ್ಯಂತ ಮತ್ತು ಅದರಾಚೆಗೂ ಹೋದವು. ಹತ್ತಿರದಲ್ಲಿ ಡಾಕ್ಟರಿಲ್ಲದ ಊರುಗಳಿಗೆ ಇಂಥ ಔಷಧಿ ಪೆಟ್ಟಿಗೆಯೇ ಆಸ್ಪತ್ರೆ.

ಇಲ್ಲಿ ನಮಗೆ ಮುಖ್ಯವೆಂದು ತೋರುವ ಒಂದು ಅಂಶವಿದೆ. ಹೋಮಿಯೋಪಥಿ ಗುಳಿಗೆಯನ್ನು ನೋಡಿ, ಮೂಸಿ, ರುಚಿ ನೋಡಿ ಅದು ಯಾವ ಔಷಧವೆಂದು ಯಾರೂ ಹೇಳಲಾರರು. ಬರೀ ಸಕ್ಕರೆ ಗುಳಿಗೆ ಕಳುಹಿಸಿದರೂ ಕೊಂಡವನಿಗೆ ತಿಳಿಯುವುದಿಲ್ಲ. ಆದ್ದರಿಂದ ಈ ವ್ಯಾಪಾರದ ನಿಜವಾದ ಬಂಡವಾಳ ಅರಿಷ್ಟವಲ್ಲ, ಮಾರುವವನ ಪ್ರಾಮಾಣಿಕತೆ. ಕಂಕನಾಡಿಯ ಒಬ್ಬ ಗುರು ಅಳತೆಯಲ್ಲಿ ಮೋಸ ಮಾಡಲಾರ ಎಂಬ ನಂಬಿಕೆ ಇದ್ದಿರದಿದ್ದರೆ ಅಷ್ಟು ದೂರದಿಂದ ಜನ ಹಣ ಕಳುಹಿಸುತ್ತಿರಲಿಲ್ಲ. ಅವರು ಕೊಂಡದ್ದು ಕನಿಕರದಿಂದಲ್ಲ.

ಒಂದು ಧರ್ಮಕೇಂದ್ರದಲ್ಲಿ ನಾವು ಸಹಾಯಕ ಗುರುಗಳಾಗಿದ್ದಾಗ ಅಲ್ಲಿನ ಸ್ತ್ರೀ ಸಂಘಟನೆಯವರು ಬಡ ಮಕ್ಕಳ ಶಾಲಾ ಶುಲ್ಕಕ್ಕಾಗಿ ಉಪ್ಪಿನಕಾಯಿ ಮತ್ತು ಫಿನಾಯಿಲ್ ಮಾಡಿ ಭಾನುವಾರದ ಪೂಜೆಯ ನಂತರ ಮಾರುತ್ತಿದ್ದರು. ಮೊದಲ ಭಾನುವಾರ ಅರ್ಧ ಗಂಟೆಯಲ್ಲಿ ಎಲ್ಲವೂ ಖರ್ಚಾಯಿತು. ನಾವೇ ಪೀಠದಿಂದ ಪ್ರಕಟಣೆ ಮಾಡಿದ್ದೆವು. ಒಂದು ವರ್ಷದೊಳಗೆ ಆ ಮೇಜು ಅಲ್ಲಿ ಇರಲಿಲ್ಲ. ಒಳ್ಳೆಯ ಕೆಲಸವೆಂದು ಒಮ್ಮೆ ಕೊಂಡವರು ಎರಡನೆಯ ಸಲಕ್ಕೆ ಪೇಟೆಯ ಉಪ್ಪಿನಕಾಯಿಗೇ ಹೋಗಿದ್ದರು, ಏಕೆಂದರೆ ನಮ್ಮದರಲ್ಲಿ ಉಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಮುಲ್ಲರರ ಅಂಚೆ ವ್ಯಾಪಾರದ ಬಗ್ಗೆ ಓದುವಾಗಲೆಲ್ಲ ಆ ಖಾಲಿ ಮೇಜು ನೆನಪಾಗುತ್ತದೆ.

ಇನ್ನು ಅಳುಕಿನ ವಿಷಯ. ಧರ್ಮಸಭೆಯ ಕಾನೂನು ಗುರುಗಳ ವ್ಯಾಪಾರವನ್ನು ಹಿಂದಿನಿಂದಲೂ ನಿಷೇಧಿಸುತ್ತಾ ಬಂದಿದೆ. 1917ರ ಧರ್ಮಸಭಾ ಸಂಹಿತೆಯ 142ನೇ ನಿಯಮದಲ್ಲಿ ಅದಿತ್ತು, 1983ರ ಸಂಹಿತೆಯ 286ನೇ ನಿಯಮದಲ್ಲಿಯೂ ಇದೆ. ತನ್ನ ಲಾಭಕ್ಕಾಗಲಿ ಇತರರ ಲಾಭಕ್ಕಾಗಲಿ, ಸ್ವತಃ ಆಗಲಿ ಬೇರೆಯವರ ಮೂಲಕವಾಗಲಿ, ಅಧಿಕಾರಿಗಳ ಅನುಮತಿ ಇಲ್ಲದೆ ಗುರುಗಳು ವ್ಯಾಪಾರ ನಡೆಸುವಂತಿಲ್ಲ. ಇತರರ ಲಾಭಕ್ಕಾಗಿ ಎಂಬ ಮಾತನ್ನು ಗಮನಿಸಬೇಕು. ಬಡವರಿಗಾಗಿ ಮಾಡಿದೆ ಎಂಬ ಒಂದೇ ಕಾರಣದಿಂದ ಗುರುವಿನ ವ್ಯಾಪಾರ ತಾನಾಗಿಯೇ ಸರಿಯಾಗುವುದಿಲ್ಲ.

ಯೇಸುಸಭೆಗಂತೂ ಇದು ಸುಟ್ಟ ಗಾಯ. 18ನೇ ಶತಮಾನದಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಫ್ರೆಂಚ್ ಯೇಸುಸಭೆಯ ಗುರು ಆಂತ್ವಾನ್ ಲವಲೆಟ್ ಮಿಷನ್ನಿನ ಸಾಲ ತೀರಿಸಲೆಂದು ವ್ಯಾಪಾರಕ್ಕಿಳಿದರು. ತೋಟಗಳನ್ನು ಕೊಂಡರು, ಗುಲಾಮರನ್ನು ದುಡಿಸಿದರು, ಅಲ್ಲಿನ ಬೆಳೆಯನ್ನು ಹಡಗುಗಳಲ್ಲಿ ಫ್ರಾನ್ಸಿಗೆ ಕಳುಹಿಸಿದರು. ಉದ್ದೇಶ ಮಿಷನ್, ಬಂಡವಾಳ ಸಾಲ. 1755ರಲ್ಲಿ ಇಂಗ್ಲಿಷರು ಫ್ರೆಂಚ್ ಹಡಗುಗಳನ್ನು ಹಿಡಿದಾಗ ಎಲ್ಲವೂ ಕುಸಿಯಿತು. ಸಾಲ ಕೊಟ್ಟ ವರ್ತಕರು ನ್ಯಾಯಾಲಯಕ್ಕೆ ಹೋದರು. ಒಬ್ಬನ ಸಾಲಕ್ಕೆ ಇಡೀ ಸಭೆಯೇ ಹೊಣೆ ಎಂದು ತೀರ್ಪಾಯಿತು. ಮೊದಲೇ ಶತ್ರುಗಳಿದ್ದ ಯೇಸುಸಭೆಗೆ ಫ್ರಾನ್ಸಿನಲ್ಲಿ 1764ರಲ್ಲಿ ಬಾಗಿಲು ಮುಚ್ಚಿತು. 1773ರಲ್ಲಿ ಪೋಪ್ 14ನೇ ಕ್ಲೆಮೆಂಟ್ ಇಡೀ ಸಭೆಯನ್ನೇ ರದ್ದುಗೊಳಿಸಿದರು. ಇದಕ್ಕೆಲ್ಲ ಲವಲೆಟ್ ಒಬ್ಬರೇ ಕಾರಣವೆಂದು ಯಾವ ಇತಿಹಾಸಕಾರನೂ ಹೇಳುವುದಿಲ್ಲ, ಆದರೆ ಶತ್ರುಗಳ ಕೈಗೆ ಕತ್ತಿ ಕೊಟ್ಟವರು ಅವರೇ. 1814ರಲ್ಲಿ ಪುನಃಸ್ಥಾಪನೆಯಾದ ಸಭೆಯಲ್ಲಿ ತರಬೇತಿ ಪಡೆದ ಮುಲ್ಲರರಿಗೆ ಈ ಕಥೆ ತಿಳಿಯದೆ ಇರಲು ಸಾಧ್ಯವಿಲ್ಲ.

ಹಾಗಾದರೆ ಮುಲ್ಲರ್ ಮತ್ತು ಲವಲೆಟ್ ಇಬ್ಬರ ನಡುವೆ ವ್ಯತ್ಯಾಸವೇನು? ನಮಗೆ ಕಾಣುವಂತೆ ಮೊದಲನೆಯದು, ಮುಲ್ಲರರ ಸರಕು ಮತ್ತು ಸೇವೆ ಒಂದೇ ಆಗಿತ್ತು. ಬಡವನಿಗೆ ಉಚಿತವಾಗಿ ಕೊಟ್ಟ ಅದೇ ಗುಳಿಗೆಯನ್ನು ಉಳ್ಳವನಿಗೆ ಬೆಲೆಗೆ ಕೊಟ್ಟರು. ಸೇವೆಯನ್ನು ಬದಿಗಿಟ್ಟು ಲಾಭ ಹೆಚ್ಚಿದ್ದ ಕಡೆ ಹೋದವರಲ್ಲ. ಎರಡನೆಯದಾಗಿ ಅವರ ವ್ಯಾಪಾರ ಸಣ್ಣ ಪೆಟ್ಟಿಗೆಯಿಂದ ಹೆಜ್ಜೆ ಹೆಜ್ಜೆಯಾಗಿ ಬೆಳೆಯಿತು. ಮಾರಿದ ಮೇಲೆ ಕಟ್ಟಿದರು. 1880ರಲ್ಲಿ ಔಷಧಾಲಯ, 1890ರಲ್ಲಿ ಕುಷ್ಠರೋಗಿಗಳ ಆಶ್ರಯ, 1895ರಲ್ಲಿ ಆಸ್ಪತ್ರೆ. ಈ ಇಸವಿಗಳ ನಡುವಿನ ಅಂತರವನ್ನು ನೋಡಿದರೆ ಸಾಕು. ಅನುಮತಿಯ ಮಾತಿಗೆ ಬಂದರೆ, ಮೇಲಧಿಕಾರಿಗಳ ಒಪ್ಪಿಗೆ ಇಲ್ಲದೆ ಯೇಸುಸಭೆಯ ಗುರುವೊಬ್ಬರು ಮೂವತ್ತು ವರ್ಷ ಊರಿನ ಕಣ್ಣೆದುರು ಇಂಥ ಕೆಲಸ ನಡೆಸುವುದು ಆಗುವ ಮಾತಲ್ಲ. ಬಡತನದ ವ್ರತ ತೊಟ್ಟ ಅವರಿಗೆ ಅದರಲ್ಲಿ ಒಂದು ಕಾಸೂ ಸ್ವಂತದ್ದಾಗಿರಲಿಲ್ಲ.

ಮಂಗಳೂರಿನಲ್ಲಿ ಅವರಿಗಿಂತ ಮೊದಲೇ ಇನ್ನೊಂದು ಮಾದರಿ ಇತ್ತು, ಅದನ್ನೂ ನ್ಯಾಯವಾಗಿ ಹೇಳಬೇಕು. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ನೇಯ್ಗೆ ಮತ್ತು ಮುದ್ರಣಾಲಯ ನಡೆಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅವರ ಹಂಚಿನ ಕಾರ್ಖಾನೆ ಶುರುವಾಯಿತು. ನಮ್ಮ ಎಷ್ಟೋ ಚರ್ಚುಗಳ ಮಾಡಿಗೆ ಹೊದಿಸಿದ ಮಂಗಳೂರು ಹಂಚಿನ ಮೂಲ ಅದೇ. ವ್ಯಾಪಾರಕ್ಕಾಗಿ ಅವರು 1859ರಲ್ಲಿಯೇ ಬಾಸೆಲ್ ನಗರದಲ್ಲಿ ಪಾಲುದಾರರ ಪ್ರತ್ಯೇಕ ಕಂಪನಿ ಸ್ಥಾಪಿಸಿದ್ದರು. ಅವರ ಮೊದಲ ಗುರಿ ಜಾತಿ ಮತ್ತು ಕಸುಬು ಕಳೆದುಕೊಂಡ ಹೊಸ ಕ್ರೈಸ್ತರಿಗೆ ಕೆಲಸ ಕೊಡುವುದು. ಮುಲ್ಲರರ ಗುರಿ ರೋಗಿಯ ಆರೈಕೆಗೆ ಹಣ ಹುಟ್ಟಿಸುವುದು. ನಮ್ಮವರೂ ಸುಮ್ಮನಿರಲಿಲ್ಲ, 1882ರಲ್ಲಿ ಕೊಡಿಯಾಲ್‌ಬೈಲ್ ಮುದ್ರಣಾಲಯ ಆರಂಭವಾಗಿತ್ತು.

ಕುಷ್ಠರೋಗಿಗಳಿಗೆ ಆಶ್ರಯ ತೆರೆದ 1890ನೇ ಇಸವಿಯನ್ನು ಅಂದಿನ ಕಾಲದಲ್ಲಿಟ್ಟು ನೋಡಬೇಕು. ಮೊಲೊಕಾಯ್ ದ್ವೀಪದಲ್ಲಿ ಫಾದರ್ ಡಾಮಿಯನ್ ಅದೇ ರೋಗದಿಂದ ತೀರಿಕೊಂಡು ಒಂದು ವರ್ಷವಾಗಿತ್ತು. 1873ರಲ್ಲಿ ನಾರ್ವೆಯ ಹಾನ್ಸೆನ್ ರೋಗಾಣುವನ್ನು ಕಂಡುಹಿಡಿದಿದ್ದರೂ ಗುಣಪಡಿಸುವ ಔಷಧ ಯಾರ ಬಳಿಯೂ ಇರಲಿಲ್ಲ. ಪರಿಣಾಮಕಾರಿ ಔಷಧ ಬಂದದ್ದು 1940ರ ದಶಕದಲ್ಲಿ. ಅಂದರೆ 1890ರಲ್ಲಿ ಬಾಗಿಲು ತೆರೆದವರಿಗೆ ಒಳಬಂದವರು ಗುಣವಾಗಿ ಹೋಗುವುದಿಲ್ಲ ಎಂಬುದು ಗೊತ್ತಿತ್ತು. ಅವರಿಗೆ ಸಾಯುವವರೆಗೆ ಅನ್ನ, ಬಟ್ಟೆ, ಹುಣ್ಣಿಗೆ ಪಟ್ಟಿ ಬೇಕು. ಒಬ್ಬ ರೋಗಿಯನ್ನು ಸೇರಿಸಿಕೊಂಡರೆ ಹತ್ತಿಪ್ಪತ್ತು ವರ್ಷದ ಖರ್ಚನ್ನು ಸೇರಿಸಿಕೊಂಡ ಹಾಗೆ. ಒಮ್ಮೆ ಬಂದ ದೇಣಿಗೆಯಿಂದ ಕಟ್ಟಡ ಕಟ್ಟಬಹುದು, ಮಾರ್ಬಲ್ ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು. ದಿನದ ಗಂಜಿಗೆ ದಿನದ ಆದಾಯವೇ ಬೇಕು. ಅಂಚೆಯಲ್ಲಿ ಬರುತ್ತಿದ್ದ ಸಣ್ಣ ಸಣ್ಣ ಮೊತ್ತಗಳು ಮಾಡಿದ್ದು ಆ ಕೆಲಸವನ್ನು. ಮುಲ್ಲರರ ಜೀವನದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1902ರಲ್ಲಿ ಮಂಗಳೂರಿಗೂ ಬಂತು. ಆಗ ಮುಲ್ಲರರಿಗೆ ಅರುವತ್ತು ದಾಟಿತ್ತು. ಪ್ಲೇಗ್ ರೋಗಿಗಳಿಗಾಗಿ ಅವರು ಪ್ರತ್ಯೇಕ ಆಸ್ಪತ್ರೆ ತೆರೆದರು. ಯಾರಿಗೂ ಪತ್ರ ಬರೆದು ಉತ್ತರಕ್ಕಾಗಿ ಕಾಯುವ ಹೊತ್ತು ಅದಲ್ಲ. ಸ್ವಂತ ಆದಾಯ ಇದ್ದ ಸಂಸ್ಥೆಗೆ ಅಂಥ ಸಮಯದಲ್ಲಿ ಬೇಗ ಎದ್ದು ನಿಲ್ಲುವುದು ಸಾಧ್ಯ. 1907ರಲ್ಲಿ ಬ್ರಿಟಿಷ್ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ನೀಡಿತು.

ಒಂದು ಮಾತನ್ನು ಬಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಹೋಮಿಯೋಪಥಿಯ ಫಲದ ಬಗ್ಗೆ ವಿಜ್ಞಾನಿಗಳಲ್ಲಿ ದೊಡ್ಡ ಆಕ್ಷೇಪವಿದೆ. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯವಿದ್ದ ಅಧ್ಯಯನಗಳನ್ನು ಪರಿಶೀಲಿಸಿ, ಯಾವ ಕಾಯಿಲೆಗೂ ಅದು ಪರಿಣಾಮಕಾರಿ ಎನ್ನಲು ನಂಬಲರ್ಹ ಆಧಾರವಿಲ್ಲ ಎಂದು ಹೇಳಿತು. ನಮ್ಮ ಓದುಗರಲ್ಲಿ ಹೋಮಿಯೋಪಥಿಯಿಂದ ಗುಣವಾಯಿತು ಎನ್ನುವವರು ಬಹಳ ಮಂದಿ ಇದ್ದಾರೆ, ಅವರೊಂದಿಗೆ ಇಲ್ಲಿ ವಾದಕ್ಕಿಳಿಯುವುದಿಲ್ಲ. ಮುಲ್ಲರ್ ತಾವು ನಂಬಿದ್ದನ್ನೇ ಮಾರಿದರು, ಬಡವರಿಗೂ ಅದನ್ನೇ ಕೊಟ್ಟರು. ಆದರೆ ಇಂದು ಸೇವೆಗಾಗಿ ಏನನ್ನಾದರೂ ಮಾರಹೊರಟವರು, ನಾವು ಮಾರುವ ವಸ್ತು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಇಂದಿನ ತಿಳಿವಳಿಕೆಯಿಂದಲೇ ಪರೀಕ್ಷಿಸಬೇಕು. ಒಳ್ಳೆಯ ಉದ್ದೇಶ ಸರಕಿನ ಕೊರತೆಯನ್ನು ತುಂಬುವುದಿಲ್ಲ.

ಇನ್ನೊಂದು ಅಪಾಯವೂ ಇದೆ, ಅದು ಯಶಸ್ಸಿನೊಂದಿಗೆ ಬರುವಂಥದು. ಸೇವೆಗೆಂದು ಆರಂಭಿಸಿದ ಆದಾಯದ ಮೂಲವೇ ನಿಧಾನವಾಗಿ ಯಜಮಾನನಾಗುತ್ತದೆ. ಸಭಾಭವನದ ಬಾಡಿಗೆ ಹೆಚ್ಚುತ್ತದೆ, ಅದರಿಂದ ಇನ್ನೊಂದು ಸಭಾಭವನ ಏಳುತ್ತದೆ, ಬಡ ಮದುಮಗಳಿಗೆ ರಿಯಾಯಿತಿ ಕೇಳಿದರೆ ದಿನಾಂಕ ಖಾಲಿ ಇಲ್ಲ ಎನ್ನುತ್ತಾರೆ. ಕಾನೂನು ಕೂಡ ಧರ್ಮಾರ್ಥ ಸಂಸ್ಥೆಗಳ ವ್ಯಾಪಾರಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಇಡಬೇಕೆಂದು ಹೇಳುತ್ತದೆ. ನಮ್ಮ ಪಾಲನಾ ಮಂಡಳಿಗಳು ಆ ಪುಸ್ತಕದಲ್ಲಿ ಆದಾಯದ ಪಕ್ಕದಲ್ಲಿಯೇ ಇನ್ನೊಂದು ಅಂಕಣ ಇಟ್ಟರೆ ಒಳ್ಳೆಯದು: ಈ ವರ್ಷ ಹಣ ಕೊಡಲಾಗದ ಎಷ್ಟು ಮಂದಿ ಬಾಗಿಲಿಗೆ ಬಂದರು, ಅವರಲ್ಲಿ ಎಷ್ಟು ಮಂದಿ ಒಳಗೆ ಬಂದರು ಎಂದು. ತಮ್ಮ ಔಷಧಾಲಯದ ಹೆಸರಿನಲ್ಲಿಯೇ ಬಡವರನ್ನು ಇಟ್ಟುಕೊಂಡಿದ್ದ ಮುಲ್ಲರರಿಗೆ ಪ್ರತಿ ಸಲ ಆ ಹೆಸರು ಕಂಡಾಗಲೂ ಅದೇ ಅಂಕಣ ಕಾಣುತ್ತಿದ್ದಿರಬೇಕು.

ಅವರು ತೀರಿಕೊಂಡಾಗ 69 ವರ್ಷ. ನಾಲ್ಕು ವರ್ಷದಲ್ಲಿ ಮೊದಲ ಮಹಾಯುದ್ಧ ಬಂತು. ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಶತ್ರು ಆಸ್ತಿಯೆಂದು ಸರಕಾರದ ವಶವಾಗಿ ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಬೊಂಬಾಯಿ ಕಡೆಯ ಜರ್ಮನ್ ಯೇಸುಸಭೆಯ ಗುರುಗಳನ್ನು ಬಂಧನದಲ್ಲಿಟ್ಟು ದೇಶದಿಂದ ಹೊರಗೆ ಕಳುಹಿಸಿದರು. ಮುಲ್ಲರ್ ಬದುಕಿದ್ದರೆ ಎಪ್ಪತ್ತು ದಾಟಿದ ಆ ಜರ್ಮನ್ ಮುದುಕನನ್ನು ಸರಕಾರ ಏನು ಮಾಡುತ್ತಿತ್ತೋ! ಕಂಕನಾಡಿಯ ಕೆಲಸವನ್ನು ಮುಂದುವರಿಸಲು ಇಟಲಿಯ ಗುರುಗಳಿದ್ದರು. ಮುಂದೆ ಸಂಸ್ಥೆಗಳು ಮಂಗಳೂರು ಧರ್ಮಪ್ರಾಂತ್ಯದ ಆಡಳಿತಕ್ಕೆ ಬಂದವು. 1985ರಲ್ಲಿ ಹೋಮಿಯೋಪಥಿ ವೈದ್ಯಕೀಯ ಕಾಲೇಜು, 1999ರಲ್ಲಿ ಅಲೋಪಥಿ ವೈದ್ಯಕೀಯ ಕಾಲೇಜು ಆರಂಭವಾದವು. ಆಲದ ಮರದ ಅಡಿಯ ಔಷಧಾಲಯದಿಂದ ಬೆಳೆದ ಆಸ್ಪತ್ರೆಯಲ್ಲಿ ಇಂದು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ. ಗುಳಿಗೆಗಳ ತಯಾರಿ ಮತ್ತು ಮಾರಾಟವೂ ಅವರ ಹೆಸರಿನಲ್ಲಿ ನಿಲ್ಲದೆ ನಡೆದುಕೊಂಡು ಬಂದಿದೆ.